ಠಸ್ಸೆ ಸಾಹೇಬರು ಗೇರ್ ಆಯಿಲ್ ಬದಲಿಸಿದ್ದು

ನಮ್ಮ ಬೀದಿಯ ಠಸ್ಸೆ ಸಾಹೇಬರು ಇಪ್ಪತ್ತಮೂರು ವರ್ಷದ ಸೇವೆಯಲ್ಲಿ ಹನ್ನೊಂದು ಸಾವಿರ ವಾಹನಗಳ ಕಾಗದದ ಮೇಲೆ ‘ಸುಸ್ಥಿತಿಯಲ್ಲಿದೆ’ ಎಂದು ಠಸ್ಸೆ ಒತ್ತಿದ್ದಾರೆ. ಈ ಹನ್ನೊಂದು ಸಾವಿರದಲ್ಲಿ ಒಂದೇ ಒಂದು ವಾಹನದ ಕೆಳಗೂ ಅವರು ಬಗ್ಗಿ ನೋಡಿದವರಲ್ಲ. ಅದನ್ನು ತಪ್ಪೆನ್ನಲಾಗದು. ಅವರ ಕಚೇರಿಯಲ್ಲಿ ವಾಹನ ನೋಡುವವರು ಬೇರೆ, ನೋಡಿದ್ದನ್ನು ಬರೆಯುವವರು ಬೇರೆ, ಬರೆದದ್ದರ ಮೇಲೆ ಒತ್ತುವವರು ಬೇರೆ. ನೋಡುವವರ ಕುರ್ಚಿ ಆರು ವರ್ಷದಿಂದ ಖಾಲಿ ಇದೆ ಎಂಬುದಕ್ಕೆ ಸಾಹೇಬರು ಹೊಣೆಯಲ್ಲ.

ಕಚೇರಿಯ ಅಭ್ಯಾಸ ಮನೆಗೂ ಬಂದಿತ್ತು. ಅಂಚು ಸವೆದು ಬಿಸಾಡಿದ್ದ ‘ಪರಿಶೀಲಿಸಲಾಗಿದೆ’ ಎಂಬ ಹಳೆಯ ಠಸ್ಸೆಯೊಂದನ್ನು ಅವರು ಮನೆಗೆ ತಂದಿಟ್ಟುಕೊಂಡಿದ್ದರು. ಕರೆಂಟ್ ಬಿಲ್ಲು, ಹಾಲಿನವನ ಚೀಟಿ, ಮಗಳ ಅಂಕಪಟ್ಟಿ, ಏನೇ ಕೈಗೆ ಕೊಟ್ಟರೂ ಠಪ್ಪೆಂದು ಒತ್ತಿ, ರುಜು ಹಾಕಿ, ತಾರೀಖು ಬರೆದು, ಪುಟಸಂಖ್ಯೆ ಕೊಟ್ಟು ಫೈಲಿಗೆ ಸೇರಿಸುತ್ತಿದ್ದರು. ಒಮ್ಮೆ ನಮ್ಮ ಮನೆಯ ಮದುವೆಯ ಕರೆಯೋಲೆಗೂ ಒತ್ತಿ ಫೈಲಿಗೆ ಸೇರಿಸಿ, ಮದುವೆಗೆ ಬರುವುದನ್ನೇ ಮರೆತರು. ಕೇಳಿದ್ದಕ್ಕೆ ಕಾಗದ ಭದ್ರವಾಗಿದೆ ಎಂದರು.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಲಾಂಡ್ರಿ ಅಕ್ಕ ಎನ್ನುತ್ತೇವೆ. ಬೀದಿಯ ಕೊನೆಯಲ್ಲಿ ಅವರ ಲಾಂಡ್ರಿ. ಒಗೆದ ಬಟ್ಟೆ ಸಾಗಿಸಲು ಅವರಲ್ಲೊಂದು ಪಿಕಪ್ ಗಾಡಿ ಇದೆ. ಸಿಮೆಂಟ್ ವ್ಯಾಪಾರಿಯಿಂದ ಎರಡನೇ ಕೈಯಲ್ಲಿ ಕೊಂಡದ್ದು. ಮೀಟರು ಆಗಲೇ ನಾಲ್ಕು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ತೋರಿಸುತ್ತದೆ. ಗಾಡಿಯ ಊಟ ಉಪಚಾರವೆಲ್ಲ ಅಕ್ಕನದು, ಗಾಡಿಯ ಫೈಲು ಮಾತ್ರ ಸಾಹೇಬರದು.

ಎದುರು ಮನೆ ನನ್ನದು. ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಊರಿನ ಅರ್ಧ ಜನರ ಕಣ್ಣು ಪರೀಕ್ಷಿಸಿದವನು ನಾನು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ಅದು ಮೇಲು.

ಶನಿವಾರ ಸಂಜೆ ಸಾಹೇಬರು ಎಂದೂ ಇಲ್ಲದೆ ತಾವೇ ಗಾಡಿ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದರು. ತಿರುವಿನಲ್ಲಿ ಗಾಡಿಯೊಳಗೆ ಗಡಗಡ ಸದ್ದಾಯಿತು. ಪಕ್ಕದ ಮನೆಯ ರೈಲು ಯಜಮಾನರು ಕಾಂಪೌಂಡಿಗೆ ಆತು ನಿಂತಿದ್ದರು. ಮೂವತ್ತು ವರ್ಷ ರೈಲು ಓಡಿಸಿ ನಿವೃತ್ತರಾದವರು. ರೈಲಿಗಿಂತ ಚಿಕ್ಕ ಯಂತ್ರಗಳೆಲ್ಲ ತಮ್ಮ ಅಂಗೈಯಲ್ಲಿವೆ ಎಂದು ನಂಬಿದವರು.

“ಗೇರ್ ಬಾಕ್ಸಿನ ಸದ್ದು ಅದು. ಅದಕ್ಕೆ ಆಯಿಲ್ ಬದಲಿಸಿ ಎಷ್ಟು ದಿನ ಆಯ್ತು ಸಾಹೇಬ್ರೇ?”

ಗೇರ್ ಬಾಕ್ಸಿಗೂ ಆಯಿಲ್ ಇರುತ್ತದೆ ಎಂಬುದು ಸಾಹೇಬರಿಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಹನ್ನೊಂದು ಸಾವಿರ ವಾಹನಗಳಿಗೆ ಒತ್ತಿದ ಕೈ ಅದನ್ನು ಒಪ್ಪಿಕೊಳ್ಳುವುದು ಹೇಗೆ?

“ಅದನ್ನ ನಾನೇ ಮಾಡ್ಕೊಳ್ತೀನಿ. ಹೊರಗಿನವರ ಕೈಗೆ ಕೊಡಲ್ಲ,” ಎಂದರು.

“ಯಾವಾಗ ಮಾಡಿದ್ರಿ?”

“ನಾಳೆ.”

ಬಾಯಿಂದ ಬಂದಮೇಲೆ ಮುಗಿಯಿತು. ಅಂಗಡಿಗೆ ಹೋಗಿ ಇದ್ದದ್ದರಲ್ಲೇ ಉತ್ತಮವಾದ ಆಯಿಲ್ ಕೊಡಿ ಎಂದು ಎರಡು ಡಬ್ಬಿ ತಂದು, ಬೀದಿಗೆ ಕಾಣುವಂತೆ ಕಾಂಪೌಂಡಿನ ಮೇಲೆ ಇಟ್ಟರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಕ್ಕ ಲಾಂಡ್ರಿಗೆ ಹೊರಟರು. ಅಂದಿನ ಕೆಲಸ ಸಾಮಾನ್ಯದ್ದಲ್ಲ. ನಾಲ್ಕು ವರ್ಷ ಅಲೆದ ಮೇಲೆ ದೊಡ್ಡ ಆಸ್ಪತ್ರೆಯೊಂದು ತನ್ನ ಹಾಸಿಗೆ ಬಟ್ಟೆ ಒಗೆಯುವ ಕೆಲಸವನ್ನು ಅವರಿಗೆ ಕೊಟ್ಟಿತ್ತು. ಮೊದಲ ಕಂತು ಇನ್ನೂರು ಹಾಸುಬಟ್ಟೆ. ಸಂಜೆ ಐದಕ್ಕೆ ಆಸ್ಪತ್ರೆಯ ಬಾಗಿಲಲ್ಲಿರಬೇಕು. ಹೊತ್ತು ಮೀರಿದರೂ ಲೆಕ್ಕ ತಪ್ಪಿದರೂ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಪತ್ರದಲ್ಲೇ ಬರೆದಿದ್ದರು. ಮೂರು ಗಂಟೆಗೆ ಗಾಡಿ ತಂದು ಲಾಂಡ್ರಿ ಮುಂದೆ ನಿಲ್ಲಿಸಿ ಎಂದು ಅಕ್ಕ ಗಂಡನಿಗೆ ಹೇಳಿದರು. ಸಾಹೇಬರು ಹೂಂ ಎಂದರು. ಆಸ್ಪತ್ರೆಯ ಆ ಪತ್ರ ಫೈಲಿನಲ್ಲಿತ್ತು, ಠಸ್ಸೆಯ ಸಮೇತ.

ಅಕ್ಕ ತಿರುವು ದಾಟಿದ ಕೂಡಲೇ ಸಾಹೇಬರು ಹಳೆಯ ಪ್ಯಾಂಟು ತೊಟ್ಟು, ರಟ್ಟು ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದರು. ಜೀವಮಾನದಲ್ಲಿ ಮೊದಲ ಸಲ. ರೈಲು ಯಜಮಾನರು ಹೊರಗಿನಿಂದ ಬೆತ್ತದಿಂದ ತೋರಿಸಿದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ, ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಬೋಲ್ಟು ಸಕ್ಕರೆ ಡಬ್ಬಿಯ ಮುಚ್ಚಳದಷ್ಟು ಸಲೀಸಾಗಿ ಬಿಚ್ಚಿಕೊಂಡಿತು. ಕೈಗುಣ ಎಂದರು ಯಜಮಾನರು. ಸಾಹೇಬರು ಅದನ್ನು ನಿರಾಕರಿಸಲಿಲ್ಲ. ಬಣ್ಣ ಬಿಡುವ ಬಟ್ಟೆ ನೆನೆಸುವುದಕ್ಕೆಂದು ಅಕ್ಕ ಇಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಟಬ್ಬಿಗೆ ಆಯಿಲ್ ಗಳಗಳ ಸುರಿಯಿತು.

ಟಬ್ಬನ್ನು ಹೊರಗೆಳೆದದ್ದೇ ತಡ, ಬೀದಿ ಸೇರಿತು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು, ಮೇಲಿನಿಂದಲೇ ನೋಡಿ, ದೊಡ್ಡ ಡಾಕ್ಟರು ತಲೆಯಾಡಿಸುವಂತೆ ತಲೆಯಾಡಿಸಿದರು.

“ಮಸಿ ಆಗಿದೆ. ಯಾರೂ ಮುಟ್ಟಬೇಡಿ, ಚರ್ಮ ಸುಲಿದುಹೋಗುತ್ತೆ.”

ಯಾರೂ ಮುಟ್ಟಲಿಲ್ಲ. ಎಲ್ಲರೂ ಬಗ್ಗಿ ನೋಡಿದೆವು. ಕಪ್ಪೆಂದರೆ ಕಪ್ಪು. ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ, ಮೂಸಿಯೂ ನೋಡಿದೆ. ಸುಟ್ಟ ವಾಸನೆ ಬಂತು. ಬಂತು ಎಂದು ಹೇಳಿದೆ ಕೂಡ. ಅದನ್ನು ಕೇಳಿ ಇನ್ನೂ ನಾಲ್ವರಿಗೆ ಬಂತು.

ಅಷ್ಟರಲ್ಲಿ ಸಾಹೇಬರ ಭಾವಮೈದ, ಅಂದರೆ ಅಕ್ಕನ ತಮ್ಮ, ಬಂದ. ಮೊಬೈಲಿನಲ್ಲಿ ನೋಡದೆ ನೀರು ಕುಡಿಯುವುದೂ ಇಲ್ಲ ಎಂಬ ಜಾತಿಯ ಮನುಷ್ಯ. ಟಬ್ಬಿನ ಫೋಟೋ ತೆಗೆದು ತನ್ನ ಗುಂಪಿಗೆ ಕಳಿಸಿದ. ಹತ್ತು ನಿಮಿಷದಲ್ಲಿ ನಲವತ್ತು ಜನ ಸಂತಾಪ ಸೂಚಿಸಿದರು. ಬಿಸಿಲಿನ ಹೊಳಪನ್ನು ತೋರಿಸಿ, ಅದು ಗೇರಿನ ಹಲ್ಲು ಸವೆದು ಬಂದ ಕಬ್ಬಿಣದ ಪುಡಿ ಎಂದು ವಿವರಿಸಿದ. ಆಮೇಲೆ ಆ ದಿನವನ್ನು ಹಾಳು ಮಾಡಿದ ಮಾತನ್ನು ಆಡಿದ.

“ಭಾವ, ಇಷ್ಟು ಓಡಿದ ಗಾಡಿಗೆ ಹೊಸ ಆಯಿಲ್ ಹಾಕಲೇಬಾರದು. ಹಳೇ ಆಯಿಲಿನ ಕೊಳೆಯೇ ಗೇರುಗಳನ್ನ ಹಿಡ್ಕೊಂಡಿರುತ್ತೆ. ಹೊಸದು ಹಾಕಿದ್ರೆ ಹಲ್ಲು ಜಾರಿ ಗಾಡಿ ನಿಂತಲ್ಲೇ ನಿಲ್ಲುತ್ತೆ. ಏಳು ವಿಡಿಯೋದಲ್ಲಿ ನೋಡಿದೀನಿ.”

ಹಾಕಬೇಕು ಎನ್ನುವ ವಿಡಿಯೋ ಇಲ್ಲವೇ ಎಂದು ನಾನು ಕೇಳಿದೆ. ಅವೂ ಏಳಿವೆ ಎಂದ.

ಹೀಗೆ ಬೀದಿ ಇಬ್ಭಾಗವಾಯಿತು. ಯಜಮಾನರದು ಹೊಸ ಆಯಿಲ್ ಪಕ್ಷ. ಭಾವಮೈದನದು ಹಳೇ ಆಯಿಲ್ ಪಕ್ಷ. ಕುರ್ಚಿಗಳು ಬಂದವು, ಚಹಾ ಬಂತು. ತಮ್ಮ ಸರ್ವಿಸಿನಲ್ಲಿ ಇಂಥ ಮಸಿಯನ್ನು ಯಾವ ಯಂತ್ರಕ್ಕೂ ತಿರುಗಿ ತಿನ್ನಿಸಿಲ್ಲ ಎಂದು ಯಜಮಾನರು. ಮುದುಕರಿಗೆ ಏಕಾಏಕಿ ಸ್ನಾನ ಮಾಡಿಸಿದರೆ ಶೀತವಾಗುವುದಿಲ್ಲವೇ ಎಂದು ಭಾವಮೈದ. ನಾನು ಬೆಳಿಗ್ಗೆ ಹೊಸ ಪಕ್ಷದಲ್ಲಿದ್ದೆ. ಎರಡನೆಯ ಚಹಾ ಹಳೇ ಪಕ್ಷದವರು ಕೊಡಿಸಿದ್ದರಿಂದ ಆ ಕಡೆ ಕೂತೆ. ಸಾಹೇಬರು ಮಾತ್ರ ಎರಡೂ ಕಡೆಯ ವಾದವನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಕಚೇರಿಯಲ್ಲಿ ಅವರಿಗೆ ಕಲಿಸಿದ್ದು ಅದೇ. ಕಡತ ದಪ್ಪವಾದರೆ ನಿರ್ಧಾರ ತಾನಾಗಿ ಬೇರೆಯವರ ಮೇಜಿಗೆ ಹೋಗುತ್ತದೆ.

ಈ ಕಡತ ಹೋಗುವುದಕ್ಕೆ ಬೇರೆ ಮೇಜಿರಲಿಲ್ಲ. ಅದರ ಬದಲು ನಗರಸಭೆಯ ಅಧಿಕಾರಿ ಬಂದರು.

ಬೀದಿಯಲ್ಲಿ ಆಯಿಲ್ ಚೆಲ್ಲಿದೆ ಎಂದು ಯಾರೋ ಫೋನ್ ಮಾಡಿದ್ದರಂತೆ. ಚೆಲ್ಲಿದ್ದು ಅಂಗೈ ಅಗಲ. ಅಧಿಕಾರಿ ಅದನ್ನು ಟೇಪಿನಿಂದ ಅಳೆದು ಬರೆದುಕೊಂಡರು. ಗಾಡಿಯ ಕಾಗದ ಕೇಳಿದರು. ಸಾಹೇಬರು ಹೆಮ್ಮೆಯಿಂದ ಸುಸ್ಥಿತಿಯ ಪತ್ರ ಕೊಟ್ಟರು. ಕಳೆದ ಮಂಗಳವಾರದ ತಾರೀಖು, ಕೆಳಗೆ ಠಸ್ಸೆ.

“ಇದನ್ನ ಒತ್ತಿದ್ದು ಯಾರು?”

“ನಾನೇ.”

ಅಧಿಕಾರಿ ಪತ್ರ ನೋಡಿದರು, ಟಬ್ಬು ನೋಡಿದರು, ಮತ್ತೆ ಪತ್ರ ನೋಡಿದರು.

“ಸರಿ ಇರೋ ಗಾಡೀನ ಬಿಚ್ಚಿದ್ದು ಯಾಕೆ? ಸರಿ ಇಲ್ಲದ ಗಾಡಿಗೆ ಒತ್ತಿದ್ದು ಯಾಕೆ? ಎರಡರಲ್ಲಿ ಒಂದು ಹೇಳಿಬಿಡಿ, ಬರ್ಕೊಂಡು ಹೋಗ್ತೀನಿ.”

 ಒತ್ತಿದ ಹೊತ್ತಿಗೆ ಸರಿ ಇತ್ತು ಎಂದರು ಸಾಹೇಬರು. ಮಂಗಳವಾರದಿಂದ ಭಾನುವಾರದೊಳಗೆ ಇಷ್ಟು ಮಸಿಯೇ ಎಂದು ಅಧಿಕಾರಿ ಕೇಳಿದರು. ಕೊನೆಗೆ, ಈ ವಿಷಯದಲ್ಲಿ ಸಾಹೇಬರ ಕಚೇರಿಯಿಂದ ಸ್ಪಷ್ಟನೆ ಕೇಳುವುದೆಂದು ತೀರ್ಮಾನವಾಯಿತು. ಸ್ಪಷ್ಟನೆ ಕೊಡುವ ವಿಭಾಗ ಯಾರದು ಎಂದು ವಿಚಾರಿಸಿದರೆ ಅದೂ ಸಾಹೇಬರದೇ. ಇಬ್ಬರಿಗೂ ನೆಮ್ಮದಿಯಾಯಿತು. ಅಧಿಕಾರಿ ಪುಸ್ತಕ ಮುಚ್ಚಿ, ಕುರ್ಚಿ ಎಳೆದುಕೊಂಡು, ಟಬ್ಬಿಗೆ ಮೂಗು ಹಿಡಿದು ಮುಖ ಸಿಂಡರಿಸಿ, ಹಳೇ ಪಕ್ಷಕ್ಕೆ ಸೇರಿದರು.

“ನಮ್ಮ ಊರಿನ ನೀರಿನ ಪೈಪೂ ಹೀಗೇ. ತುಕ್ಕು ತೆಗೆದ್ರೆ ಪೈಪೇ ಇರಲ್ಲ,” ಎಂದರು.

ಸರ್ಕಾರವೇ ಸೇರಿದ ಮೇಲೆ ಹಳೇ ಪಕ್ಷಕ್ಕೆ ಬಹುಮತ ಬಂತು. ಯಜಮಾನರು ಮುನಿಸಿಕೊಂಡು ಕುರ್ಚಿಯನ್ನು ನಾಲ್ಕಡಿ ದೂರ ಎಳೆದುಕೊಂಡರು. ಮಸಿಯನ್ನೇ ತಿರುಗಿ ಹಾಕುವುದೆಂದು ನಿರ್ಣಯವಾದಾಗ ಗಂಟೆ ಎರಡೂ ಮುಕ್ಕಾಲು. ಆಗ ನಾನು, ಏನೂ ಯೋಚಿಸದೆ, ಎಲ್ಲಿಂದ ಹಾಕುವುದು ಎಂದು ಕೇಳಿದೆ.



ಭಾವಮೈದನ ಕಡೆ ನೋಡಿದೆವು. ಆ ಭಾಗ ಬರುವ ಹೊತ್ತಿಗೆ ಜಾಹೀರಾತು ಬಂದಿತ್ತು, ಮುಂದಕ್ಕೆ ಓಡಿಸಿಬಿಟ್ಟೆ ಎಂದ. ಯಜಮಾನರ ಕಡೆ ನೋಡಿದೆವು. ರೈಲಿಗೆ ಆಯಿಲ್ ಹಾಕುವ ವಿಭಾಗ ಬೇರೆ ಇತ್ತು, ತಾವು ಓಡಿಸುವ ವಿಭಾಗ ಎಂದರು. ಸಾಹೇಬರ ಕಡೆ ನೋಡಿದೆವು.

“ತೆಗೆದ ತೂತಿಂದಲೇ ಹಾಕೋದು ಅಂದ್ಕೊಂಡಿದ್ದೆ,” ಎಂದರು ಸಾಹೇಬರು ಸಣ್ಣ ದನಿಯಲ್ಲಿ.

ತೂತು ಕೆಳಗಡೆ ಇದೆ, ಹಾಕಿದ್ದು ಹಾಕಿದ ಹಾಗೇ ಬೀಳುತ್ತದೆ ಎಂದು ಅಧಿಕಾರಿ ನೆನಪಿಸಿದರು. ಗ್ಯಾರೇಜಿನವನಿಗೆ ಫೋನ್ ಮಾಡಿದರೆ ಭಾನುವಾರವಾದ್ದರಿಂದ ಅದು ಬಂದಾಗಿತ್ತು. ಸಾಹೇಬರು ಗಡಿಯಾರ ನೋಡಿಕೊಂಡರು. ಅವರ ಮುಖ ನೋಡಿ ನನಗೆ ನಿಜವಾಗಿಯೂ ಕನಿಕರವಾಯಿತು. ನಾಲ್ಕು ವರ್ಷ ಹೆಂಡತಿ ಆಸ್ಪತ್ರೆಯ ಬಾಗಿಲಲ್ಲಿ ಕಾದು ಕೂತದ್ದು ಅವರಿಗೆ ಆಗ ಒಟ್ಟಿಗೆ ನೆನಪಾದಂತಿತ್ತು. ಅವರಿಗೆ ಹೆದರಿಕೆಯಾಗಿತ್ತು. ಅದಕ್ಕೆ ಒತ್ತುವುದಕ್ಕೆ ಯಾವ ಠಸ್ಸೆಯೂ ಇರಲಿಲ್ಲ.

ಮೂರೂ ಹತ್ತಕ್ಕೆ ಅಕ್ಕ ತಾವೇ ಬಂದರು, ಇನ್ನೂರು ಹಾಸುಬಟ್ಟೆಯ ಮೂಟೆಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು. ಮನೆ ಮುಂದೆ ಕುರ್ಚಿ, ಲೋಟ, ಟಬ್ಬು, ಸರ್ಕಾರ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಯಾಕೆ ಬಿಚ್ಚಿದ್ರಿ?” ಎಂದು ಗಂಡನನ್ನು ಕೇಳಿದರು.

ಸದ್ದು ಬರುತ್ತಿತ್ತು ಎಂದರು ಸಾಹೇಬರು. ಅಕ್ಕ ಗಾಡಿಯ ಬಾಗಿಲು ತೆಗೆದು, ಸೀಟಿನ ಕೆಳಗೆ ಕೈ ಹಾಕಿ, ಹಿಡಿಕೆ ಮುರಿದ ಹಳೆಯ ಇಸ್ತ್ರಿ ಪೆಟ್ಟಿಗೆಯೊಂದನ್ನು ಎಳೆದು ರೈಲು ಯಜಮಾನರ ಕೈಗೆ ಕೊಟ್ಟರು. ತಿರುವಿನಲ್ಲಿ ಉರುಳುತ್ತಿದ್ದದ್ದು ಅದು. ಯಜಮಾನರು ಅದನ್ನು ಎಲ್ಲಿಡುವುದೆಂದು ತಿಳಿಯದೆ ಕೊನೆಯವರೆಗೂ ಹಿಡಿದುಕೊಂಡೇ ಇದ್ದರು.

ಕಾಂಪೌಂಡಿನ ಮೇಲಿನ ಡಬ್ಬಿಯನ್ನು ಅಕ್ಕ ತಿರುಗಿಸಿ ಓದಿದರು. ಇಂಜಿನ್ ಆಯಿಲ್ ಎಂದು ಬರೆದಿತ್ತು. ಬೆಳಿಗ್ಗೆಯಿಂದ ಅದರ ಪರವಾಗಿ ವಾದಿಸಿದವರೂ ವಿರೋಧವಾಗಿ ವಾದಿಸಿದವರೂ ಮೊದಲ ಸಲ ಆ ಕಡೆ ಕತ್ತು ಚಾಚಿದರು.

“ಇರೋದನ್ನೇ ಸೋಸಿ ಹಾಕೋಣ. ಮಣ್ಣು ಬಿದ್ದಿರುತ್ತೆ, ಚೊಕ್ಕ ಬಟ್ಟೆ ಕೊಡಿ,” ಎಂದರು ಅಕ್ಕ.

ಸುತ್ತ ಇದ್ದ ಬಟ್ಟೆಯೆಲ್ಲ ಚಿಂದಿ, ಗ್ರೀಸು, ಬೆವರು. ಅಕ್ಕ ಒಂದು ಗಳಿಗೆ ಮೂಟೆಯನ್ನು ನೋಡಿದರು. ಆಮೇಲೆ ಮೇಲಿನ ಹಾಸುಬಟ್ಟೆಯನ್ನು ಎಳೆದು, ಹಲ್ಲಿನಿಂದ ಅಂಚು ಕಚ್ಚಿ, ಪರ್ರನೆ ಹರಿದರು. ಹಾಲಿನ ಹಾಗೆ ಬೆಳ್ಳಗೆ ಒಗೆದ ಬಟ್ಟೆ. ಸಾಹೇಬರು ಲೆಕ್ಕ ತಪ್ಪುತ್ತದಲ್ಲ ಎಂದರು.

“ಒಂದು ಕಮ್ಮಿ ಆದ್ರೆ ಕೈ ಕಾಲು ಹಿಡ್ಕೊಂಡು ಕೇಳ್ತೀನಿ. ಗಾಡಿನೇ ಹೋಗದಿದ್ರೆ ಯಾರ ಕಾಲು ಹಿಡ್ಕೊಳ್ಳಲಿ?”

ಸೋಪಿನ ನೀರು ತುಂಬುವ ಬಿಳಿ ಕ್ಯಾನಿನ ಬಾಯಿಗೆ ಬಟ್ಟೆ ಕಟ್ಟಿ, ಟಬ್ಬನ್ನು ಬಗ್ಗಿಸಿದರು. ನಾವೆಲ್ಲ ಹಿಂದೆ ಸರಿದೆವು, ಚರ್ಮ ಸುಲಿಯುತ್ತದಲ್ಲ.

ಬಿಳಿ ಬಟ್ಟೆಯ ಮೇಲೆ ಬಿದ್ದ ಆಯಿಲ್ ಜೇನಿನ ಬಣ್ಣಕ್ಕಿತ್ತು. ಕೆಳಗೆ ಇಳಿಯುವಾಗ ಬಿಸಿಲು ಅದರೊಳಗಿಂದ ದಾಟಿ ಬರುತ್ತಿತ್ತು. ಒಂದು ಚೂರು ಮಸಿ ಇಲ್ಲ, ಒಂದು ಕಾಳು ಕಬ್ಬಿಣ ಇಲ್ಲ. ಖಾಲಿಯಾದ ಟಬ್ಬು ಮಾತ್ರ ಮೊದಲಿನಷ್ಟೇ ಕಪ್ಪಾಗಿತ್ತು. ನಾನು ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡೆ.

“ಇದು ಹೊಸ ಆಯಿಲು. ಹೋದ ತಿಂಗಳು ಗ್ಯಾರೇಜಲ್ಲಿ ನಿಂತು ಹಾಕಿಸಿದೀನಿ,” ಎಂದರು ಅಕ್ಕ. “ಬಂದು ಹೇಳಿದೆ. ಹೂಂ ಅಂದ್ರಿ. ಚೀಟೀನೂ ಕೊಟ್ಟಿದೀನಿ.”

ಅದು ಸಾಧ್ಯವಿಲ್ಲ, ಬಂದಿದ್ದರೆ ಫೈಲಿನಲ್ಲಿರುತ್ತಿತ್ತು ಎಂದು ಸಾಹೇಬರು ಹೇಳಿದರು. ಅಧಿಕಾರಿಗೆ ಕಡತ ಎಂದರೆ ಜೀವ, ಫೈಲು ತರಿಸಿದರು. ಪುಟ ನಲವತ್ತೊಂದು. ಗ್ಯಾರೇಜಿನವನ ವಕ್ರ ಅಕ್ಷರ. ಅಧಿಕಾರಿ ಗಟ್ಟಿಯಾಗಿ ಓದಿದರು: ‘ಗೇರ್ ಬಾಕ್ಸ್ ಆಯಿಲ್ ಹೊಸದು ಹಾಕಿದೆ. ಎರಡು ವರ್ಷ ಮುಟ್ಟಬೇಡಿ.’ ಅದರ ಮೇಲೆ, ‘ಮುಟ್ಟಬೇಡಿ’ ಎಂಬ ಪದ ಅರ್ಧ ಮುಚ್ಚುವಂತೆ, ನೀಲಿ ಶಾಯಿಯಲ್ಲಿ ‘ಪರಿಶೀಲಿಸಲಾಗಿದೆ’. ರುಜು, ತಾರೀಖು ಎಲ್ಲ ಇತ್ತು.

ಭಾವಮೈದ ಮೊಬೈಲಿನಲ್ಲಿ ಮುಖ ಹುದುಗಿಸಿದ. ಅಧಿಕಾರಿಗೆ ಬೇರೆ ಬೀದಿಯ ಕೆಲಸ ನೆನಪಾಯಿತು. ಆದರೆ ಅಕ್ಕ ಯಾರನ್ನೂ ಬಿಡಲಿಲ್ಲ. ಗೇರ್ ಬಾಕ್ಸಿನ ಪಕ್ಕದಲ್ಲಿ, ಕೊಂಚ ಮೇಲೆ, ಇನ್ನೊಂದು ಬೋಲ್ಟು ಇತ್ತು. ಬೆಳಿಗ್ಗೆಯಿಂದ ಎಲ್ಲರ ಮೂಗಿನ ಕೆಳಗೇ ಇದ್ದದ್ದು. ಅಕ್ಕ ಮೊದಲು ಕೆಳಗಿನದನ್ನು ಭದ್ರ ಮಾಡಿ, ಮೇಲಿನದನ್ನು ಬಿಚ್ಚಿದರು.

“ಗ್ಯಾರೇಜಿನವನು ಮೊದಲು ಇದನ್ನೇ ಬಿಚ್ಚೋದು. ಹಾಕೋ ದಾರಿ ತೆರೆದ ಮೇಲೆ ತೆಗೆಯೋ ದಾರಿಗೆ ಕೈ ಹಾಕಬೇಕಂತೆ,” ಎಂದು ಗಾಡಿಯ ಕೆಳಗಿನಿಂದ ಹೇಳಿದರು.

ಸೋಪಿನ ಕ್ಯಾನಿನ ಕೊಳವೆಯನ್ನು ಒಣಗಿಸಿ ಒಂದು ತುದಿಯನ್ನು ತೂತಿಗೆ ತುರುಕಿದರು. ಇನ್ನೊಂದು ತುದಿಗೆ ಲಾಳಿಕೆ ಸಿಕ್ಕಿಸಿ, ಎತ್ತರದ ಮನುಷ್ಯರೆಂದು ಅಧಿಕಾರಿಯ ಕೈಗೆ ಕೊಟ್ಟು, ತಲೆಯ ಮೇಲೆ ಎತ್ತಿ ಹಿಡಿಯಿರಿ ಎಂದರು. ಭಾವಮೈದ ಸುರಿಯಬೇಕು, ನಾನು ಕೊಳವೆ ಸೊಟ್ಟಗಾಗದಂತೆ ಹಿಡಿಯಬೇಕು. ಸಾಹೇಬರು ರಟ್ಟಿನ ಮೇಲೆ ಮಲಗಿ ತೂತನ್ನೇ ನೋಡುತ್ತಿರಬೇಕು. ಅಂಚಿಗೆ ಬಂದು ಒಂದು ಹನಿ ಹೊರಗಿಳಿದರೆ ಸಾಕು ಎನ್ನಬೇಕು, ಅಷ್ಟೇ ಅವರ ಕೆಲಸ. ಅರ್ಧ ಗಂಟೆ ಸಾಹೇಬರು ಕಣ್ಣು ಮಿಟುಕಿಸದೆ ನೋಡಿದರು. ಹನಿ ಅವರ ಹಣೆಯ ಮೇಲೆ ಬಿದ್ದಾಗ ಸಾಕು ಎಂದರು. ಇಪ್ಪತ್ತಮೂರು ವರ್ಷದಲ್ಲಿ ಅವರು ಕಣ್ಣಾರೆ ನೋಡಿ ಹೇಳಿದ ಮೊದಲ ಮಾತು ಅದು ಎಂದು ನಾನು ಲೆಕ್ಕ ಹಾಕಿದ್ದೇನೆ.

ನಾಲ್ಕೂ ಹದಿನೈದಕ್ಕೆ ಗಾಡಿ ಹೊರಟಿತು. ತಿರುವಿನಲ್ಲಿ ಸದ್ದೇ ಬರಲಿಲ್ಲ. ಇಸ್ತ್ರಿ ಪೆಟ್ಟಿಗೆ ಯಜಮಾನರ ಕೈಯಲ್ಲಿತ್ತು.

ಸಾಹೇಬರು ಬೀದಿಯ ಕಲೆಯನ್ನು ಮೂರು ಸಲ ಉಜ್ಜಿ ತೊಳೆದು, ಜಗಲಿಯಲ್ಲಿ ಕೂತರು. ಬಿಟ್ಟು ಹೋಗಲು ಮನಸ್ಸಾಗದೆ ನಾನೂ ಕೂತೆ. ಅಕ್ಕ ಆರೂವರೆಗೆ ಬಂದರು. ಐದಕ್ಕೆ ಐದು ನಿಮಿಷ ಇರುವಾಗ ತಲುಪಿದೆ ಎಂದು ಹೇಳಿ, ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಗಂಡನ ಕೈಗಿಟ್ಟು, ನೀರು ಕುಡಿಯಲು ಒಳಗೆ ನಡೆದರು.

ಸಾಹೇಬರ ಬಲಗೈ ತಾನಾಗಿ ಠಸ್ಸೆಯ ಕಡೆ ಹೋಯಿತು. ಶಾಯಿಗೆ ಅದ್ದಿತು. ಚೀಟಿಯ ಮೇಲೆ ಬಂದು ಅಲ್ಲೇ ನಿಂತಿತು. ಸಾಹೇಬರು ಠಸ್ಸೆಯನ್ನು ಕೆಳಗಿಟ್ಟು ಚೀಟಿ ಓದತೊಡಗಿದರು. ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ. ಮುಗಿಸಿ, ಮತ್ತೊಮ್ಮೆ ಓದಿದರು.

“ನೋಡೇ, ಇದರಲ್ಲಿ ಇನ್ನೂರು ಅಂತಿದೆ. ‘ಎಣಿಸಿದೆ, ಸರಿಯಾಗಿದೆ’ ಅಂತ ಒತ್ತಿದಾರೆ. ನೀನು ಒಂದನ್ನ ಹರಿದಿದ್ದೆ.”

ಅಕ್ಕ ಲೋಟ ಹಿಡಿದುಕೊಂಡೇ ಹೊರಗೆ ಬಂದರು. “ಒಂದು ಕಮ್ಮಿ ಇದೆ ಅಂತ ಹೇಳೋಕೆ ಬಾಯಿ ತೆಗೆದೆ. ಮೂಟೆ ಇಳಿಸೋಕೆ ಮುಂಚೇನೇ ಆ ಮನುಷ್ಯ ಒತ್ತಿ ಕೊಟ್ಟು ಎದ್ದು ಹೋದ. ಮುಂದಿನ ಸಲ ಒಂದು ಜಾಸ್ತಿ ಇಟ್ಟು ಕಳಿಸ್ತೀನಿ.”

ಸಾಹೇಬರು ಕೆಂಡವಾದರು. ನೋಡದೆ, ಎಣಿಸದೆ, ಓದದೆ ಒತ್ತುವುದೆಂದರೇನು, ಇಂಥವರನ್ನು ಕೆಲಸದಲ್ಲಿ ಇಟ್ಟುಕೊಂಡವರು ಯಾರು, ನಾಳೆಯೇ ದೂರು ಬರೆಯುತ್ತೇನೆ ಎಂದು ಎದ್ದು ನಿಂತರು. ಅಕ್ಕ ಗಂಡನ ಹಣೆಯನ್ನೇ ನೋಡಿದರು. ಆಯಿಲ್ ಬಿದ್ದ ಜಾಗ ಇನ್ನೂ ಹೊಳೆಯುತ್ತಿತ್ತು.

“ಅವನು ಎಣಿಸಿದ್ರೆ ಇವತ್ತು ನನ್ನ ಕೆಲಸ ಹೋಗ್ತಿತ್ತು ಕಣ್ರೀ,” ಎಂದರು.

ಸಾಹೇಬರು ಮೆಲ್ಲಗೆ ಕೂತರು. ಬಹಳ ಹೊತ್ತು ಚೀಟಿಯನ್ನು ನೋಡಿದರು. ಆಮೇಲೆ ಇನ್ನೂರು ಎಂಬುದು ನೂರ ತೊಂಬತ್ತೊಂಬತ್ತು ಎಂದು ಚೆನ್ನಾಗಿ ತಿಳಿದೇ ಠಸ್ಸೆ ಎತ್ತಿ ಒತ್ತಿದರು. ರುಜು ಹಾಕಿ, ತಾರೀಖು ಬರೆದು, ಪುಟಸಂಖ್ಯೆ ಕೊಟ್ಟು ಫೈಲಿಗೆ ಸೇರಿಸಿದರು. ಆ ಹಳೆಯ ಠಸ್ಸೆಯ ಮೇಲಿನ ಮಾತು ಅಂದು ಮೊದಲ ಬಾರಿಗೆ ನಿಜವಾಯಿತು. ಪರಿಶೀಲಿಸಲಾಗಿತ್ತು.